ಕ್ಯಾಸೆಟ್ಟಿನಲ್ಲಿ ಇಲ್ಲದ ಮನೆ

ಜಮಖಂಡಿಯಲ್ಲಿ ಮದುವೆ ವಿಡಿಯೋದ ಅಂಗಡಿ ಇಟ್ಟಿದ್ದ ಕಾಲದಲ್ಲಿ ಕ್ಯಾಮೆರಾದಲ್ಲಿ ಬರೀ ಗೋಡೆ ತೆಗೆಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಮದುವೆಯೆಂದರೆ ಮಂದಿ. ಹೆಣ್ಣಿನ ತಾಯಿ ಅಳಬೇಕು, ಬೀಗರು ಊಟದಲ್ಲಿ ಮುಖ ಗಂಟಿಕ್ಕಬೇಕು. ಅದನ್ನು ನೋಡಲಿಕ್ಕೇ ಜನ ಕ್ಯಾಸೆಟ್ ಹಾಕುವುದು ಎಂದು ಗಟ್ಟಿಯಾಗಿ ನಂಬಿದ್ದೆ.

ಗಲಗಲಿ ಹತ್ತಿರ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಮದುವೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವುದಿತ್ತು. ಮುಳುಗುವ ಪ್ರತಿ ಮನೆಯ ಬಾಗಿಲ ಪಕ್ಕ ಸರ್ವೆಯವರು ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಮದುವೆಗೆಂದು ಗೋಡೆಗೆಲ್ಲ ಹೊಸ ಸುಣ್ಣ ಬಳಿದವರು ಆ ನಂಬರನ್ನು ಮಾತ್ರ ಮುಟ್ಟಿರಲಿಲ್ಲ, ಅಳಿಸಬಾರದೆಂದು ಹೇಳಿದ್ದರಂತೆ. ಹಂದರದಲ್ಲಿ ಕೂತ ಹಿರಿಯರು ಮಾತಿನ ನಡುವೆ ಹೊಳೆಯ ಕಡೆ ನೋಡುತ್ತಿದ್ದರು. ನನಗೂ ಒಳಗೊಳಗೇ ಅಳುಕು.

ಮದುಮಕ್ಕಳನ್ನು ಕೂರಿಸಿ ಸುರಗಿಯ ನೀರು ಹಾಕಿದ ಮೇಲೆ ಮದುಮಗಳ ತಾಯಿ ನನ್ನನ್ನು ಒಳಗೆ ಕರೆದರು.

“ತಮ್ಮಾ, ಮಂದಿ ಎಲ್ಲಿದ್ರೂ ಸಿಗತಾರ. ಈ ಮನಿ ಸಿಗೂದಿಲ್ಲ. ಮಗಳನ್ನ ಬನಹಟ್ಟಿಗೆ ಕೊಟ್ಟೇವಿ. ಆಕಿ ತವರಮನಿ ನೋಡಬೇಕಂದ್ರ ಇನ್ನ ಇದರಾಗ ನೋಡಬೇಕು.”

“ಆತ್ರಿ ಯವ್ವಾ, ತಗೀತೇನಿ,” ಎಂದೆ.

ಪಡಸಾಲೆ, ಒಲೆ, ಬೀಸುವ ಕಲ್ಲು, ದೀಪದ ಮಾಡ, ಬೆಳಕಿಂಡಿ. ಅವರು ಒಂದೊಂದನ್ನೂ ಮುಟ್ಟಿ ತೋರಿಸುತ್ತ ಮುಂದೆ ಹೋದರು, ನಾನು ಕ್ಯಾಮೆರಾ ಹಿಡಿದು ಹಿಂದೆ. ಕೊನೆಗೆ ಕೆಂಪು ನಂಬರಿನ ಹತ್ತಿರ ನಿಂತರು.

“ಇದೂ ಬರಬೇಕೇನ್ರಿ?” ಎಂದೆ.

“ಬರಲಿ. ಅದೂ ನಮ್ಮ ಮನೀದ ಅಲ್ಲೇನು?”

ಆಗ ಮಿಕ್ಸಿಂಗ್ ಹುಚ್ಚು. ಮದುಮಕ್ಕಳ ಹಿಂದೆ ಹಿಮದ ಗುಡ್ಡ, ಹೂದೋಟ ತಂದು ನಿಲ್ಲಿಸಿದವನೇ ಜಾಣ. ಅಂಗಡಿಯಲ್ಲಿ ಕೂತು ನೋಡಿದರೆ ಮಂದಿಯಿಲ್ಲದ ಮನೆ ಹೆಣದಂತೆ ಕಂಡಿತು. ಹೆದರಿಕೆಯಾಯಿತು, ಕತ್ತರಿಸಿ ಹಾಕಿದೆ. ಬಾಗಿಲ ಮುಂದೆ ನಿಂತ ಜೋಡಿಯ ಹಿಂದೆ ಆ ನಂಬರು ಅಪಶಕುನದ ಹಾಗೆ ಇಣುಕುತ್ತಿತ್ತು. ಅದನ್ನೂ ಬಾಗಿಲನ್ನೂ ಮುಚ್ಚಿ ದೊಡ್ಡದೊಂದು ಕೆರೆಯ ಚಿತ್ರ ಕೂಡಿಸಿದೆ. ಮನೆಯಿದ್ದ ಮೂಲ ಟೇಪಿನ ಮೇಲೆಯೇ ಮುಂದಿನ ವಾರ ಮುಧೋಳದ ಮದುವೆ ತೆಗೆದೆ, ಹಳೆಯದು ಅಳಿಸಿಹೋಯಿತು. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು.

ಮಳೆಗಾಲ ಬಂತು, ಹಿನ್ನೀರೂ ಬಂತು. ಊರು ಮುಳುಗಿದ ಮೇಲೆ ಆ ತಾಯಿ ಒಂದು ಮಧ್ಯಾಹ್ನ ಸೆರಗಿನಲ್ಲಿ ಕ್ಯಾಸೆಟ್ ಸುತ್ತಿಕೊಂಡು ಅಂಗಡಿಗೆ ಬಂದರು.

“ಮಗಳು ಇದರಾಗ ಮನಿ ಇಲ್ಲ ಅಂತಾಳ. ಆಕಿಗೆ ಹುಡುಕಾಕ ಬಂದಿಲ್ಲಂತ ನಾನೇ ಬಂದೆ. ಹಚ್ಚು ತಮ್ಮಾ.”

ಹಚ್ಚಿದೆ. ಪರದೆಯ ಹತ್ತಿರ ಮುಖ ತಂದು ಕೂತರು. ಸುರಗಿ ಮುಗಿಯಿತು, ಅಕ್ಕಿಕಾಳು ಬಿತ್ತು.

“ಮುಂದ ಬರತೈತೇನು?”

ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಎಲ್ಲ ಹೇಳಿದೆ, ಟೇಪು ಅಳಿಸಿದ್ದನ್ನೂ. ಬೈದಿದ್ದರೆ ಹಗುರಾಗುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಮಗಳು ಅಳಿಯ ನಗುತ್ತ ನಿಂತಿದ್ದರು. ಬಾಗಿಲು ಇರಬೇಕಾದಲ್ಲಿ ತುಂಬಿದ ಕೆರೆ.

ಆ ತಾಯಿ ಕೆರೆಯ ಮೇಲೆ ಬೆರಳಿಟ್ಟು ಅಂದರು:

“ಹೊಳಿ ಬರೂದಕ್ಕಿಂತ ಮೊದಲ ನೀನೇ ಮುಳುಗಿಸಿದಿಯಲ್ಲೋ ತಮ್ಮಾ.”

ಕ್ಯಾಸೆಟ್ ತೆಗೆದು ಕೈಗೆ ಕೊಟ್ಟೆ. ತಗೊಳ್ಳದೇ ಹೋದರು.