ದಾರಿಯಂತ್ರದ ಖಾತೆ ಬದಲಾವಣೆ

ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ದಾರಿ ತಪ್ಪುವುದರಲ್ಲಿ ನನಗೆ ಸರಿಸಾಟಿಯಿಲ್ಲ. ಈ ಎರಡೂ ಮಾತನ್ನು ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ಕಪ್ಪುಹಲಗೆಯ ಮೇಲೆ ಆಫ್ರಿಕಾ ಖಂಡವನ್ನು ಕಣ್ಣು ಮುಚ್ಚಿ ಬರೆಯಬಲ್ಲೆ. ಶಿರಾಳಕೊಪ್ಪದ ಬಸ್ ನಿಲ್ದಾಣದಿಂದ ಹೊರಬಿದ್ದರೆ ಎಡಕ್ಕೋ ಬಲಕ್ಕೋ ಎಂಬುದು ಮಾತ್ರ ಪ್ರತಿ ಸಲವೂ ಹೊಸ ಪ್ರಶ್ನೆ. ಯಾರನ್ನಾದರೂ ಕೇಳಬಹುದಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಆದರೆ ಈ ಸುತ್ತಮುತ್ತ ಯಾವ ಪೆಟ್ಟಿಗೆ ಅಂಗಡಿಯ ಮುಂದೆ ನಿಂತರೂ ಒಳಗೆ ಕೂತವನು ನನ್ನ ಹಳೆಯ ವಿದ್ಯಾರ್ಥಿ. ನಕ್ಷೆ ತಪ್ಪು ಬರೆದನೆಂದು ಬೆಂಚಿನ ಮೇಲೆ ನಿಲ್ಲಿಸಿದವನ ಹತ್ತಿರವೇ ಸೊರಬದ ದಾರಿ ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಈ ಬಿಂಕದ ಫಲ ಅನುಭವಿಸಿದ್ದು ಅಕ್ಕನ ದೊಡ್ಡ ಮಗಳ ಮದುವೆಯಲ್ಲಿ. ಅಕ್ಕನನ್ನು ಕೊಟ್ಟದ್ದು ಸೊರಬ ದಾಟಿ, ಕ್ಯಾಸನೂರಿನ ಕಡೆಯ ಒಂದು ಊರಿಗೆ. ಅದುವರೆಗೂ ಬಸ್ಸಿನಲ್ಲೇ ಹೋಗುತ್ತಿದ್ದೆ, ದಾರಿಯ ಹೊಣೆ ಡ್ರೈವರಿನದಾಗಿತ್ತು. ಆ ಸಲ ಹೊಸ ಸ್ಕೂಟರ್ ಏರಿ ಹೊರಟೆ. ವಧುವನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನೊಬ್ಬನೇ. ಮುಹೂರ್ತದ ಹೊತ್ತಿಗೆ ನಾನು ಪೂರಾ ಬೇರೆ ದಿಕ್ಕಿನಲ್ಲಿ, ಬಂದಳಿಕೆಯ ಪಾಳುಗುಡಿಗಳ ಮುಂದೆ ನಿಂತಿದ್ದೆ. ಅಲ್ಲೂ ಮಂಟಪವಿತ್ತು, ಮದುವೆಯಿರಲಿಲ್ಲ. ಅಂತೂ ಅಕ್ಕನ ಊರು ಮುಟ್ಟಿದಾಗ ಎರಡನೆಯ ಪಂಕ್ತಿ ಎದ್ದಿತ್ತು. ನನ್ನ ಕೆಲಸವನ್ನು ಭಾವನ ದೂರದ ನೆಂಟರೊಬ್ಬರು ಮಾಡಿ ಮುಗಿಸಿದ್ದರು. ಅಕ್ಕ ಬೈಯಲಿಲ್ಲ. "ಊಟ ಮಾಡ್ಕಂಡ್ ಹೋಗು" ಎಂದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎರಡು ವರ್ಷ ಆ ಮನೆಯ ಕಾಗದಗಳೆಲ್ಲ ಭಾವನ ಕೈಬರಹದಲ್ಲೇ ಬಂದವು.

ಎರಡನೆಯ ಮಗಳ ಮದುವೆ ಗೊತ್ತಾದಾಗಲೂ ಬರೆದದ್ದು ಭಾವನೇ. ಕೊನೆಯಲ್ಲಿ ಒಂದು ಸಾಲು ಇತ್ತು: "ಸೋದರಮಾವನ ಕೆಲಸಕ್ಕೆ, ಇರಲಿ ಎಂದು, ಇನ್ನೊಬ್ಬರಿಗೂ ಹೇಳಿಟ್ಟಿದ್ದೇವೆ." ಅದನ್ನು ಓದಿ ನನಗೆ ಅಳು ಬಂತು. ಹಿಂದಿನ ದಿನವೇ ಹೋಗೋಣವೆಂದರೆ ಸಂಜೆಯವರೆಗೂ ಪರೀಕ್ಷೆಯ ಕೆಲಸ. ಬೆಳಗಿನ ಮೊದಲ ಬಸ್ಸು ಮುಟ್ಟುವಷ್ಟರಲ್ಲಿ ಮುಹೂರ್ತ ಮೀರುತ್ತಿತ್ತು. ಮತ್ತೆ ಸ್ಕೂಟರೇ ಗತಿ.

ಆಗಲೇ ಶಿವಮೊಗ್ಗದ ಒಂದು ರಿಪೇರಿ ಅಂಗಡಿಯಲ್ಲಿ ಆ ಯಂತ್ರ ಕಣ್ಣಿಗೆ ಬಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಉಪಗ್ರಹಗಳನ್ನು ವಿಚಾರಿಸಿ ನಾವಿರುವ ಜಾಗ ತೋರಿಸುವ, ಅಂಗೈಯಲ್ಲಿ ಹಿಡಿಯುವಂಥ ಯಂತ್ರವನ್ನು ನಮ್ಮ ಕಡೆ ಹೆಚ್ಚಿನವರು ಕಂಡಿರಲಿಲ್ಲ. ನನಗೆ ಅದು ಹಿಡಿಸಲು ಕಾರಣ ಒಂದೇ. ಉಪಗ್ರಹ ನನ್ನ ಹಳೆಯ ವಿದ್ಯಾರ್ಥಿಯಲ್ಲ.

ಯಾರೋ ಬಳಸಿ ಬಿಟ್ಟದ್ದನ್ನು ಮನೆಗೆ ತಂದು ಸೆಲ್ಲು ಹಾಕಿದೆ. ಪರದೆಯ ಮೇಲೆ ಮೊದಲು ಶಿವರಾಮಯ್ಯ ಎಂಬ ಹಳೆಯ ಮಾಲೀಕರ ಹೆಸರು ಬಂತು. ಆಮೇಲೆ ನಕ್ಷೆಗೆ ಬೀಗ ಬಿದ್ದಿದೆ, ಪರವಾನಗಿ ಸಂಖ್ಯೆ ಒತ್ತಿರಿ ಎಂಬ ಇಂಗ್ಲಿಷ್ ಸಾಲು. ಆ ಯಂತ್ರ ಮಾರುವ ಬೆಂಗಳೂರಿನ ಕಂಪನಿಗೆ ಬರೆದೆ. ನಕ್ಷೆಯ ಪರವಾನಗಿ ಮೊದಲು ಕೊಂಡವರ ಹೆಸರಿನಲ್ಲಿದೆ, ಅವರ ಸಹಿಯಿರುವ ಒಪ್ಪಿಗೆ ಪತ್ರ ಕಳಿಸಿದರೆ ಹೊಸ ಸಂಖ್ಯೆ ಕೊಡುತ್ತೇವೆ ಎಂದು ಉತ್ತರ ಬಂತು.

ಪಕ್ಕದ ಮನೆಯ ಬೀಜದ ವ್ಯಾಪಾರಿ ಚನ್ನಬಸಪ್ಪನವರಿಗೆ ಇದರಲ್ಲಿ ಗೊಂದಲವೇ ಕಾಣಲಿಲ್ಲ. "ಮೇಷ್ಟ್ರೇ, ಹೊಲ ನಿಮ್ ಕೈಯಾಗೈತೆ, ಪಹಣಿ ಇನ್ನೊಬ್ರ ಹೆಸ್ರಾಗೈತೆ. ಖಾತೆ ಬದಲಾವಣೆ ಮಾಡಿಸ್ಕಳ್ರಿ, ಮುಗೀತು" ಎಂದರು. ಪತ್ರವನ್ನೂ ತಾವೇ ಬರೆದರು, ಛಾಪಾ ಕಾಗದದ ಮೇಲೆ, ತಾಲ್ಲೂಕು ಕಚೇರಿಯ ಧಾಟಿಯಲ್ಲಿ. ಚಕ್ಕುಬಂದಿಯನ್ನೂ ಬಿಡಲಿಲ್ಲ: ಯಂತ್ರದ ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ಅಕ್ಕಿ ಡಬ್ಬ, ಉತ್ತರಕ್ಕೆ ರೇಡಿಯೊ, ದಕ್ಷಿಣಕ್ಕೆ ಮೇಷ್ಟ್ರ ಕುರ್ಚಿ. ನಾನು ನಕ್ಕೆ. "ನಾಕ್ ದಿಕ್ಕಿಗೆ ಏನೈತೆ ಅಂತ ಬರೀದಿದ್ರೆ ಅದೂ ಒಂದ್ ಪತ್ರಾನೇನ್ರೀ?" ಎಂದು ಗದರಿದರು. ಆಮೇಲೆ ಯೋಚಿಸಿದರೆ ಅವರ ಮಾತು ತಪ್ಪೇನಲ್ಲ. ಹಳೆಯ ಶಾಸನಗಳಲ್ಲೂ ಭೂಮಿ ದಾನ ಕೊಟ್ಟವರು ಇಂಥ ಕೆರೆ, ಇಂಥ ಕಲ್ಲು, ಇಂಥ ಮರ ಎಂದೇ ಎಲ್ಲೆ ಹೇಳಿದ್ದಾರೆ. ಒಂದು ಜಾಗ ಎಲ್ಲಿದೆ ಎಂದರೆ ಅದರ ನೆರೆಯಲ್ಲಿ ಏನಿದೆ ಎಂದು ಹೇಳುವುದೇ ನಮ್ಮ ಪದ್ಧತಿ.

ಇನ್ನು ಉಳಿದದ್ದು ಸಹಿ. ಶಿವರಾಮಯ್ಯನವರು ರಸ್ತೆ ಸರ್ವೆಯ ಕೆಲಸದಿಂದ ನಿವೃತ್ತರಾಗಿ ಕ್ಯಾಸನೂರಿನಾಚೆಯ ಹಳ್ಳಿಯೊಂದರಲ್ಲಿದ್ದಾರೆ ಎಂದಷ್ಟೇ ರಿಪೇರಿ ಅಂಗಡಿಯವನಿಗೆ ಗೊತ್ತಿತ್ತು. ದಾರಿ ತೋರುವ ಯಂತ್ರವೋ ಅವರ ಸಹಿ ಬೀಳುವವರೆಗೆ ಬಾಯಿ ಬಿಡುವಂತಿಲ್ಲ. ಬೇರೆ ದಾರಿ ಕಾಣದೆ ಶಿರಾಳಕೊಪ್ಪದಲ್ಲಿ ಒಂದು ಸೈಕಲ್ ಶಾಪಿನ ಮುಂದೆ ಸ್ಕೂಟರ್ ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ದಾರಿ ಕೇಳಿದೆ. ಅಂಗಡಿಯವನು ಎದ್ದು ನಿಂತ. ಬೆಂಚು ಹತ್ತಿದವರಲ್ಲೇ ಒಬ್ಬ. ಅವನು ನಗಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ದಾರಿ ಬರೆದು, "ಉತ್ರ ಮ್ಯಾಲ್ಕಡೆ ಇಟ್ಟೀನಿ ಸಾರ್, ನೀವ್ ಹೇಳ್ಕೊಟ್ಟಂಗೆ" ಎಂದ. ನನಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಆಮೇಲೆ ಸಂಕೋಚ ಹೋಯಿತು. ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಸೊರಬ ದಾಟಿದ ಮೇಲೆ ಹುಲ್ಲುಹೊರೆ ಹೊತ್ತ ಹೆಂಗಸೊಬ್ಬರು, "ಮುಂದೊಂದು ಕೆರೆ ಬರ್ತದೆ, ಅದರ ಏರಿ ಮೇಲೇ ಹೋಗಿ, ಹೆದರ್ಬೇಡಿ" ಎಂದರು. ಏರಿಯ ಮೇಲೆ ಹೋದರೆ ಎದುರಿಗೇ ಅಕ್ಕನ ಊರಿನ ಹೆಸರಿದ್ದ ಕಲ್ಲು. ಇಷ್ಟು ಸುಲಭವಿತ್ತೇ ಎನಿಸಿತು. ಊರೊಳಗೆ ಹೋಗುವ ಧೈರ್ಯವಾಗದೆ ಮುಂದೆ ಹೋದೆ.

ಶಿವರಾಮಯ್ಯನವರು ಚಕ್ಕುಬಂದಿ ಓದಿ ಮನಸಾರೆ ನಕ್ಕು ಸಹಿ ಹಾಕಿದರು. "ಇಲ್ಲೀತನಕ ಹ್ಯಾಗ್ ಬಂದ್ರಿ?" ಎಂದು ಕೇಳಿದರು.

"ಕೇಳ್ಕೊಂಡು ಬಂದೆ."

"ಹಂಗಾದ್ರೆ ಇದ್ಯಾಕೆ ನಿಮ್ಗೆ?"

ಪತ್ರ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಮದುವೆಗೆ ಎಂಟು ದಿನವಿರುವಾಗ ಸಂಖ್ಯೆ ಬಂತು, ಬೀಗ ತೆರೆಯಿತು. ಒಳಗೆ ಶಿಕಾರಿಪುರ ಒಂದು ಚುಕ್ಕಿ, ಸೊರಬ ಒಂದು ಚುಕ್ಕಿ, ನಡುವೆ ಒಂದು ಗೆರೆ. ಅದರಾಚೆ ಬರೀ ಖಾಲಿ. ಅಕ್ಕನ ಊರು ಇರಲೇ ಇಲ್ಲ.

ಮದುವೆಯ ದಿನ ನಸುಕಿಗೇ ಹೊರಟೆ. ಯಂತ್ರ ಚೀಲದಲ್ಲಿತ್ತು. ದಾರಿ ಗೊತ್ತಿದ್ದರೂ ಹಾಲಿನವರನ್ನು ನಿಲ್ಲಿಸಿ ಮೂರು ಕಡೆ ಕೇಳಿದೆ. ನಾನು ಹೋದಾಗ ಅಕ್ಕ ಬಾಗಿಲಿಗೆ ತೋರಣ ಕಟ್ಟಿಸುತ್ತಿದ್ದಳು.

"ದಾರಿ ಹ್ಯಾಗ್ ಸಿಕ್ತು?" ಎಂದಳು.

"ಕೇಳ್ದೆ."

"ನೀನಾ?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಒಳಗಿದ್ದ ಭಾವನಿಗೆ ಕೇಳುವಂತೆ ಹೇಳಿದಳು: "ನನ್ ತಮ್ಮ ಬಂದ. ಇನ್ನೊಬ್ರು ಬ್ಯಾಡ ಅನ್ರೀ."

ಮಧ್ಯಾಹ್ನ, ಮಾಡಬೇಕಾದ ಕೆಲಸ ಮಾಡಿ ಹೊಟ್ಟೆ ತುಂಬ ಉಂಡ ಮೇಲೆ, ಜಗಲಿಯಲ್ಲಿ ಕೂತು ಯಂತ್ರ ಹೊರತೆಗೆದೆ. ನಿಂತ ಜಾಗಕ್ಕೆ ಗುರುತು ಹಾಕಿ ಹೆಸರು ಕೊಡುವ ಅನುಕೂಲ ಅದರಲ್ಲಿತ್ತು, ಇಂಗ್ಲಿಷಿನ ಆರು ಅಕ್ಷರದೊಳಗೆ. ಊರಿನ ಉದ್ದ ಹೆಸರು ಆರರಲ್ಲಿ ಹಿಡಿಸಲಿಲ್ಲ. ಅಕ್ಕ ಎಂದು ಒತ್ತಿದೆ. ಹಿಡಿಸಿತು.