ಎಡಕ್ಕೆ ತಿರುಗಿದರೆ ಕೂಗುವ ಗಾಡಿ

ಇವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿಟ್ಟು ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಿದ್ದೆ. ಬಾಳೂರಿನ ನಮ್ಮ ಮನೆಯ ಕೆಳಗೆ ರಸ್ತೆ ಎಡಕ್ಕೆ ಹೊರಳುವಲ್ಲಿ ಯಾರದೋ ಗಾಡಿಯ ಹಾರ್ನ್ ಎರಡು ಸಲ ಕೇಳಿಸಿತು. ಸಣ್ಣಗೆ, ಸಂಕೋಚಪಟ್ಟಂತೆ. ಚಮಚ ಹಿಡಿದ ಕೈ ಹಾಗೇ ನಿಂತಿತು. ಎದುರುಮನೆಯ ರೈಟರು ನೆನಪಾದರು...

ತೋಟದ ಹಾಜರಿ, ಲೆಕ್ಕ ಬರೆಯುವವರಿಗೆ ನಮ್ಮ ಕಡೆ ರೈಟರು ಎನ್ನುತ್ತಾರೆ. ಆಳುಗಳನ್ನು ಕೂಗಿ ಕರೆಯುವುದೂ ಆ ಕೆಲಸದಲ್ಲೇ ಸೇರಿದ್ದು. ಆದರೆ ಇವರು ಕೂಗಿದ್ದನ್ನು ಕೇಳಿದವರಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳಿಂದ ಸದ್ದಾಗದಂತೆ ಬಾಗಿಲು ಮುಚ್ಚಲು ಕಲಿತ ನನಗೇ ಅವರ ಮಾತು ಕೇಳಬೇಕಾದರೆ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತಿತ್ತು. ಅಂಥವರು ಒಂದು ಹೊಸ ಬೈಕು ಕೊಂಡರು. ಅದರ ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರ್ನ್ ತಾನಾಗಿಯೇ ಬಡಿದುಕೊಳ್ಳುತ್ತಿತ್ತು. ನೇರ ಮಾಡುವವರೆಗೂ ನಿಲ್ಲುತ್ತಿರಲಿಲ್ಲ. ಒಳಗಿನ ವಯರನ್ನು ಕಂಪನಿಯವರು ಗಿಡ್ಡ ಇಟ್ಟಿದ್ದರಂತೆ. ತಿರುಗಿಸಿದಾಗ ಅದು ಜಗ್ಗಿ, ಉಜ್ಜಿಕೊಂಡು...

ಗುಡ್ಡದ ರಸ್ತೆಯಲ್ಲಿ ಎಡಕ್ಕೆ ತಿರುಗದೆ ಎಲ್ಲಿಗೆ ಹೋಗುವುದು? ರೈಟರು ಆದಷ್ಟೂ ಪ್ರಯತ್ನಿಸಿದರು. ಎಡಗಡೆಯ ಅಂಗಡಿಗೆ ಹೋಗಬೇಕಾದರೆ ಅದನ್ನು ದಾಟಿ ಮುಂದೆ ಹೋಗಿ, ಶಾಲೆಯ ಮೈದಾನದಲ್ಲಿ ಬಲಕ್ಕೆ ದೊಡ್ಡ ಸುತ್ತು ಹಾಕಿ ವಾಪಸು ಬರುತ್ತಿದ್ದರು. ಸಾವಿನ ಮನೆಗೆ ಹೋದರೆ ಗಾಡಿಯನ್ನು ದೂರದಲ್ಲೇ ಬಿಟ್ಟು ನಡೆಯುತ್ತಿದ್ದರು. ಅವರ ಹೆಂಡತಿಗೆ ಮಾತ್ರ ಇದು ಅನುಕೂಲವೇ ಆಗಿತ್ತು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಬೆಳಗಿನ ಹಾಜರಿ ಮುಗಿಸಿ ರೈಟರು ತಿಂಡಿಗೆ ಬರುವಾಗ ತಿರುವಿನಲ್ಲಿ ಹಾರ್ನ್ ಕೇಳಿದೊಡನೆ ಅಕ್ಕ ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದರು. ರೈಟರು ಕೈಕಾಲು ತೊಳೆದು ಕೂರುವಷ್ಟರಲ್ಲಿ ದೋಸೆ ತಟ್ಟೆಯಲ್ಲಿರುತ್ತಿತ್ತು.

ಒಂದು ದಿನ ರೈಟರು ತೋಟದ ಗೇಟಿನೊಳಗೆ ಎಡಕ್ಕೆ ತಿರುಗಿದಾಗ ಮುಂದೆ ತೋಟದ ಸಾಹುಕಾರರು ನಡೆದುಹೋಗುತ್ತಿದ್ದರು. ಅವರ ಬೆನ್ನ ಹಿಂದೆಯೇ ಹಾರ್ನ್ ಬಡಿದುಕೊಂಡಿತು.

"ಏನ್ ರೈಟ್ರೇ, ನಮ್ ತೋಟದಲ್ಲಿ ನಾನೇ ಸೈಡಿಗೆ ಹೋಗ್ಬೇಕಾ?"

"ನಾನಲ್ಲ ಸಾರ್, ಗಾಡಿ," ಎಂದರಂತೆ ರೈಟರು. ಆಳುಗಳು ನಕ್ಕರು. ಗಾಡಿ ಬಂದ ಮೇಲೆ ರೈಟರಿಗೆ ಸೊಕ್ಕು ಬಂದಿದೆ ಎಂಬ ಮಾತು ಸಂಜೆಯೊಳಗೆ ಆಳುಗಳ ಮನೆಗಳಿದ್ದ ಕೂಲಿಲೈನಿನವರೆಗೂ ಹೋಯಿತು. ಅಷ್ಟು ವರ್ಷ ಮೆಲ್ಲಗೆ ಮಾತಾಡಿ ಗಳಿಸಿದ ಹೆಸರು. ಅಂದು ಅವರು ಒಂದೇ ದೋಸೆ ತಿಂದು ಎದ್ದರೆಂದು ಅಕ್ಕ ಹೇಳಿದ್ದರು.

ಚಿಕ್ಕಮಗಳೂರಿನ ಶೋರೂಮಿನವರು, "ಈ ಕಂಪ್ಲೇಂಟ್ ನೀವೊಬ್ರೇ ಹೇಳ್ತಿರೋದು ಸರ್. ಹ್ಯಾಂಡಲ್ ಹಿಡಿಯೋದು ಸರಿ ಮಾಡ್ಕೊಳ್ಳಿ," ಎಂದು ಪ್ರತಿಸಲ ಸಾಗಹಾಕಿದರು. ಪಾಪ, ರೈಟರು ಅದನ್ನೂ ನಂಬಿ ಕೆಲವು ದಿನ ಬೇರೆ ಬೇರೆ ಥರ ಹಿಡಿದು ನೋಡಿದರು. ಆಮೇಲೆ ಒಮ್ಮೆ ಕಳಸದ ಪೇಟೆಯಲ್ಲಿ ಯಾರದೋ ಬೈಕು ಎಡಕ್ಕೆ ತಿರುಗುತ್ತ ಬಾಯಿಬಿಟ್ಟಿತು. ರೈಟರು ಓಡಿಹೋಗಿ ಆ ಮನುಷ್ಯನ ಕೈ ಹಿಡಿದುಕೊಂಡರಂತೆ. ಅವರು ಕಾಳುಮೆಣಸಿನ ವ್ಯಾಪಾರದ ಸಾಹೇಬರು.

"ನಿಮಗೂ ನೀವೊಬ್ರೇ ಅಂದ್ರಾ ಮಾರಾಯ್ರೇ?" ಎಂದು ಸಾಹೇಬರು ನಡುರಸ್ತೆಯಲ್ಲೇ ನಕ್ಕರಂತೆ. ಹುಡುಕಿದರೆ ಸಂಸೆಯಲ್ಲಿ ಒಬ್ಬರು ಸಿಕ್ಕರು, ಮೂಡಿಗೆರೆಯಲ್ಲಿ ಇನ್ನೂ ಕೆಲವರು...

ಎಲ್ಲರೂ ಒಂದೇ ದಿನ ಶೋರೂಮಿಗೆ ಹೋಗುವುದೆಂದಾಯಿತು. ಅದನ್ನು ನೋಡಲೆಂದೇ ಅಕ್ಕನೂ ನಾನೂ ಬಸ್ಸಿನಲ್ಲಿ ಹೋಗಿ ಎದುರಿನ ಬೇಕರಿಯಲ್ಲಿ ಕೂತಿದ್ದೆವು. ಶೋರೂಮಿನ ಮುಂದೆ ಯಾರದೋ ಹೊಸ ಗಾಡಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ನಡೆದಿತ್ತು. ಅದರ ಪಕ್ಕ ಇವರ ಗಾಡಿಗಳು ಸಾಲಾಗಿ ನಿಂತವು. ರೈಟರು ಏನೋ ಹೇಳಿದರು. ತುಟಿ ಅಲುಗಿದ್ದಷ್ಟೇ ನಮಗೆ ಕಂಡಿದ್ದು. ಎಲ್ಲ ಹ್ಯಾಂಡಲುಗಳೂ ಒಟ್ಟಿಗೆ ಎಡಕ್ಕೆ ಹೊರಳಿದವು.

ಬೇಕರಿಯವನ ಕೈಯಿಂದ ಬನ್ನು ಬಿತ್ತು. ಪೂಜೆಯ ಆರತಿ ನಂದಿತು. ಮ್ಯಾನೇಜರು ಕಿವಿ ಮುಚ್ಚಿಕೊಂಡು ಹೊರಗೆ ಬಂದು, ಹ್ಯಾಂಡಲ್ ನೇರ ಮಾಡಿ ಎಂದು ಕೈಯಲ್ಲೇ ಬೇಡಿಕೊಂಡರು. ಸದ್ದು ನಿಂತಿತು.

"ಏನ್ ಸರ್ ಇದು, ಹೀಗೆ ಗುಂಪು ಕಟ್ಕೊಂಡು ಬಂದ್ರೆ..."

"ಗುಂಪಲ್ಲ ಸರ್," ಎಂದರು ರೈಟರು. "ನಾವೆಲ್ಲ ಒಬ್ಬೊಬ್ರೇ."

ಅದು ರಸ್ತೆಯ ಈಚೆಗೂ ಕೇಳಿಸಿತು. ಅವರ ಗಟ್ಟಿ ದನಿ ನಾನು ಕೇಳಿದ್ದು ಅದೊಂದೇ ಸಲ.

ಅಂದೇ ಎಲ್ಲರಿಗೂ ಉದ್ದದ ವಯರು ಹಾಕಿಕೊಟ್ಟರು. ಬಿಚ್ಚಿದ ಗಿಡ್ಡ ವಯರನ್ನು ರೈಟರು ಜೇಬಿನಲ್ಲಿಟ್ಟುಕೊಂಡು ಹೋಗಿ ಸಾಹುಕಾರರಿಗೆ ತೋರಿಸಿದರು. "ಹಾಗಾದ್ರೆ ಗಾಡೀದೇ ಸೊಕ್ಕು ಬಿಡಿ," ಎಂದು ಅವರು ಆಳುಗಳ ಎದುರೇ ನಕ್ಕರಂತೆ.

ಮರುದಿನ ರೈಟರು ಸದ್ದಿಲ್ಲದೆ ಬಂದು ತಟ್ಟೆಯ ಮುಂದೆ ಕೂತರು. ಕಾವಲಿ ತಣ್ಣಗಿತ್ತು. ತಿರುಗಿ ನೋಡಿದ ಅಕ್ಕ ಬೆಚ್ಚಿಬಿದ್ದರು.

"ಕಳ್ಳರ ಹಾಗೆ ಬಂದು ಕೂತ್ರೆ ದೋಸೆ ಎಲ್ಲಿಂದ ಬರುತ್ತೆ? ಹೋಗಿ, ಮೊದಲಿನ ಹಾಗೇ ಮಾಡಿಸ್ಕೊಂಡು ಬನ್ನಿ," ಎಂದದ್ದು ನಮ್ಮ ಅಡುಗೆಮನೆಗೂ ಕೇಳಿತು.

ಅದರ ಮರುದಿನ ತಿರುವಿನಲ್ಲಿ ಹಾರ್ನ್ ಕೇಳಿತು. ಎರಡೇ ಸಲ, ಸಣ್ಣಗೆ. ಈ ಬಾರಿ ಗಾಡಿಯದಲ್ಲ, ರೈಟರೇ ಒತ್ತಿದ್ದು. ಕೊನೆಯವರೆಗೂ ಒತ್ತುತ್ತಿದ್ದರು...

ರೈಟರು ತೀರಿಕೊಂಡು ಎರಡು ಮಳೆಗಾಲ ಕಳೆದವು. ಗಾಡಿಯನ್ನು ಅವರ ತಮ್ಮ ಒಯ್ದರು. ತಿರುವಿನಲ್ಲಿ ಈಗ ಎಲ್ಲರೂ ಜೋರಾಗಿಯೇ ಹಾರ್ನ್ ಹೊಡೆಯುತ್ತಾರೆ. ಹಾಗೆ ಮೆಲ್ಲಗೆ ಹೊಡೆಯುವವರು ಯಾರೂ ಇರಲಿಲ್ಲ, ಇವತ್ತು ಬೆಳಗಿನವರೆಗೆ.

ಸಂಜೆ ಅಕ್ಕ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದರು. ಹಾರ್ನಿನ ಮಾತು ನಾನು ಎತ್ತಲಿಲ್ಲ.

"ಬೆಳಿಗ್ಗೆ ಒಂದು ದೋಸೆ ಜಾಸ್ತಿ ಹೊಯ್ದುಬಿಟ್ಟೆ ಮಾರಾಯ್ತಿ," ಎಂದರು ಮೊಸರಿನ ಲೋಟ ತೆಗೆದುಕೊಳ್ಳುತ್ತ. "ನಾನೇ ತಿಂದೆ. ಹೊಟ್ಟೆ ಇನ್ನೂ ಭಾರ."