ಡಿಕ್ಲರೇಶನ್ ಕೊಟ್ಟ ಮಾವ, ಅಫಿಡವಿಟ್ ಕೊಡಲಿಲ್ಲ

ಕಳೆದ ವಾರ ಗುತ್ತಿಗಾರಿನ ನನ್ನ ಮಾವ ಕುಶಾಲಪ್ಪ ಗೌಡರು ತಾವು ಉಳುವ ಗದ್ದೆ ಕಳಕೊಂಡರು. ಒಂದು ಮಾತು ಹೇಳಿದ್ದರೆ ಸಿಗುತ್ತಿತ್ತು. ಹೇಳಲಿಲ್ಲ.

ಮಾತು ನುಂಗಿ ಗೊತ್ತಿಲ್ಲದ ಕುಟುಂಬ ನಮ್ಮದು. (ಅಜ್ಜ ಸತ್ತ ಬೊಜ್ಜದ ಊಟದಲ್ಲಿ ಅಜ್ಜನದೇ ಕೆಮ್ಮು ಕೆಮ್ಮಿ ತೋರಿಸಿ ಪೆಟ್ಟು ತಿಂದವ ನಾನು.) ಹಾಗಿರುವಾಗ ಮಾವನಿಗೆ ಎಂತಾಯ್ತು?

ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಊರಿಗೆ ಊರೇ ಡಿಕ್ಲರೇಶನ್ ಕೊಟ್ಟಿತು. ಮಾವನೂ ಕೊಟ್ಟರು, ಈ ಗದ್ದೆ ನಾನು ಗೇಣಿಗೆ ಮಾಡುವುದು ಅಂತ. ಸತ್ಯವೇ. ಆದರೆ ಧಣಿಗಳು ತಕರಾರು ಹಾಕಿದರು: ಅವ ಗೇಣಿಯವನಲ್ಲ, ಕೂಲಿಯವ. ಗೇಣಿ ಅಳೆದದ್ದಕ್ಕೆ ರಶೀದಿ ಕೊಟ್ಟ ಧಣಿಯನ್ನು ನೀವು ಕಂಡದ್ದುಂಟಾ?

ಸರಿ, ಸುಳ್ಯದಲ್ಲಿ ಅರ್ಜಿ ಬರೆಯುವ ಶೀನಪ್ಪಣ್ಣನ ಹತ್ತಿರ ಹೋದೆವು. ಅಫಿಡವಿಟ್ ಬೇಕು ಅಂದರು.

"ಒಮ್ಮೆ ಕೊಟ್ಟಾಯ್ತಲ್ಲ ಮಾರಾಯ್ರೆ, ಪುನಃ ಎಂತಕ್ಕೆ?" ಅಂದರು ಮಾವ.

"ಅದು ಬೇರೆ, ಇದು ಬೇರೆ ಗೌಡ್ರೆ. ಡಿಕ್ಲರೇಶನ್ ಅಂದರೆ ಹೇಳುದು. ಅಫಿಡವಿಟ್ ಅಂದರೆ ಪ್ರಮಾಣ ಮಾಡಿ ಹೇಳುದು." (ಶೀನಪ್ಪಣ್ಣ ಮೂಗಿನಲ್ಲೇ ಮಾತಾಡುವ ಮನುಷ್ಯ. ಅಚ್ಚಿನಲ್ಲಿ ಅದನ್ನು ಮಾಡಿ ತೋರಿಸಲಾಗುವುದಿಲ್ಲ, ನನ್ನ ಕರ್ಮ.)

ಪ್ರಮಾಣ! ಮಾವ ಪೆನ್ನು ಕೆಳಗಿಟ್ಟರು.

ನಮ್ಮ ಕಡೆಯದ್ದು ನಿಮಗೆ ಗೊತ್ತುಂಟು. ಸುಳ್ಳಿಗೆ ಬಿಡಿ, ಸತ್ಯಕ್ಕೂ ಆಣೆ ಇಡಬಾರದು. ಇಟ್ಟ ಮನೆಗೆ ಒಳ್ಳೆಯದಾಗುವುದಿಲ್ಲ. ಮಾವನ ಅಣ್ಣ ಒಮ್ಮೆ ಬೇಲಿ ಜಗಳದಲ್ಲಿ ದೈವದ ಎದುರು ಸತ್ಯವನ್ನೇ ಆಣೆ ಇಟ್ಟು ಹೇಳಿ ಗೆದ್ದರು. ಅದೇ ವರ್ಷ ಅವರ ಮಗಳು ಹೋದಳು. ಡಾಕ್ಟರು ಜ್ವರ ಅಂದರು. ಮಾವ ಡಾಕ್ಟರನ್ನು ನಂಬಿದರಾ?

"ಹಾಗಾದರೆ ದೇವರ ಹೆಸರು ಬಿಡುವ. ಬರೀ ಸತ್ಯಪ್ರಮಾಣ ಅಂತ ಬರೀತೇನೆ."

"ಹೆಸರು ಬಿಟ್ರೆ ದೇವರಿಗೆ ಕೇಳುದಿಲ್ವಾ? ನನಗೆ ಮಕ್ಕಳುಂಟು ಮಾರಾಯ್ರೆ."

ಭೂನ್ಯಾಯ ಮಂಡಳಿಯ ವಿಚಾರಣೆಯ ದಿನ ಧಣಿಗಳು ಬಂದರು. ಪ್ರಮಾಣ ಮಾಡಿದರು. ಕೂಲಿಯವ ಅಂದರು. ಶಾಲು ಸರಿ ಮಾಡಿಕೊಂಡು ಕೂತರು. ಅವರಿಗೆ ಅದು ಆಫೀಸಿನ ಮಾತು, ಅಷ್ಟೆ.

ಮಾವನ ಸರದಿ. "ಡಿಕ್ಲರೇಶನಿನಲ್ಲಿ ಇದ್ದದ್ದೇ ಸತ್ಯ" ಅಂದರು.

"ಪ್ರಮಾಣ ಮಾಡಿ ಹೇಳಿ" ಅಂದರು ಮಂಡಳಿಯ ಅಧ್ಯಕ್ಷರು.

ಮಾವ ನೆಲ ನೋಡಿದರು. ಮತ್ತೊಮ್ಮೆ ಕೇಳಿದರು. ಮಾವ ಮತ್ತೂ ನೆಲವನ್ನೇ ನೋಡಿದರು. ಅರ್ಜಿ ವಜಾ.

ಮನೆಗೆ ಬಂದರೆ ಅತ್ತೆ ಅಳುತ್ತಾ ಕೂತಿದ್ದಾರೆ. ನಗಿಸುವ ಅಂತ ನಾನು ಧಣಿಗಳ ಠೀವಿಯಲ್ಲಿ ಎದೆಯುಬ್ಬಿಸಿ, "ದೇವರ ಸಾಕ್ಷಿಯಾಗಿ..." ಶುರು ಮಾಡಿದೆ. ಜಗಲಿಯಲ್ಲಿದ್ದ ಮಾವ ಓಡಿ ಬಂದು ನನ್ನ ಬಾಯಿ ಒತ್ತಿ ಹಿಡಿದರು.

"ಆಟಕ್ಕೂ ಬೇಡ ಮಾರಾಯ. ನಿನ್ನ ಅಪ್ಪನಿಗೆ ನೀನೊಬ್ಬನೇ."

ಆಣೆಗೆ ಇಷ್ಟು ಹೆದರುವ ಮನುಷ್ಯ ಆಣೆಯಿಲ್ಲದೆ ಹೇಳಿದ್ದನ್ನು ನಂಬಲಿಕ್ಕೆ ಇನ್ನು ಯಾವ ಕಾಗದ ಬೇಕಿತ್ತು?